ಬಾವಲಿಗೆ ಫುಲ್ ಮಾರ್ಕ್ಸ್, ಆ ಸಂಗೀತಕ್ಕೆ ಸೊನ್ನೆ

ಬರೀ ಸದ್ದಿನಿಂದಲೇ ಮಾಡಿದ ಕಲಾಕೃತಿ, 'ನಗರದೊಳಗಿನ ಪ್ರಕೃತಿಯ ಸದ್ದು' ಅಂದಾಗಲೇ ನನಗೆ ಅನುಮಾನ ಇತ್ತು. ಎರಡು ಹಕ್ಕಿ, ಸ್ವಲ್ಪ ಮಳೆ, ಮೇಲೊಂದು ಕೊಳಲು, ಇಷ್ಟೇ ಇರುತ್ತದೆ ಅಂದುಕೊಂಡು ಹೋದೆ. ಕೊಳಲು ಇರಲಿಲ್ಲ, ಪುಣ್ಯಕ್ಕೆ.

ಕತ್ತಲೆ ಕೋಣೆ. ಸುತ್ತ ಸ್ಪೀಕರ್, ತಲೆ ಮೇಲೂ ಸ್ಪೀಕರ್. ಚಾಪೆ ಮೇಲೆ ಮಲಗಿ ಕೇಳಬೇಕು. ಮೊದಲ ಐದು ನಿಮಿಷ ಬರೀ ಟ್ರಾಫಿಕ್. 'ಇದನ್ನ ಕೇಳೋಕೆ ಇಲ್ಲಿವರೆಗೂ ಬರಬೇಕಿತ್ತಾ' ಅಂತ ಪಕ್ಕದವರು ಗೊಣಗಿದರು. ಸ್ವಲ್ಪ ಕಾದರೆ ಆ ಗದ್ದಲದ ಮೇಲ್ಗಡೆ, ತೆಳ್ಳಗೆ, ಒಂದು ಹಕ್ಕಿ ಕೇಳುತ್ತದೆ. ಗಾಡಿಗಳ ಸದ್ದು ಹೆಚ್ಚಾಗಿ ದಪ್ಪ ದನಿಯದ್ದು, ಅದರಡಿ ಮುಳುಗಿಹೋಗಬಾರದು ಅಂತ ಹಕ್ಕಿ ತನ್ನ ದನಿಯನ್ನು ಕೀರಲು ಮಾಡಿಕೊಂಡಿದೆ. ಇದು ಸುಮ್ನೆ ಕಲ್ಪನೆ ಅಲ್ಲ. ನೆದರ್‌ಲೆಂಡ್ಸ್‌ನ ಲೈಡನ್‌ನಲ್ಲಿ ಗದ್ದಲದ ಜಾಗದ ಗ್ರೇಟ್ ಟಿಟ್ ಹಕ್ಕಿಗಳು ಹೆಚ್ಚು ಕೀರಲಾಗಿ ಹಾಡುತ್ತವೆ ಅಂತ 2003ರಲ್ಲೇ ಸಂಶೋಧಕರು ತೋರಿಸಿದ್ದರು. 2020ರ ಲಾಕ್‌ಡೌನ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕಡೆ ಗಾಡಿಗಳು ಕಡಿಮೆಯಾದಾಗ ಬಿಳಿ ನೆತ್ತಿಯ ಗುಬ್ಬಿಗಳು ಮೆತ್ತಗೆ ಹಾಡತೊಡಗಿದವು. ಇಲ್ಲೂ ಟ್ರಾಫಿಕ್ ಸದ್ದನ್ನು ನಿಧಾನಕ್ಕೆ ಇಳಿಸುತ್ತಾರೆ, ಹಕ್ಕಿ ದನಿಯೂ ಜೊತೆಗೇ ಇಳಿಯುತ್ತದೆ. ಒಂದು ಮಾತೂ ಆಡದೆ ವಿಷಯ ಕಿವಿಗೆ ಮುಟ್ಟಿಸಿದ್ದಾರೆ. ಗದ್ದಲವನ್ನು ಕತ್ತರಿಸಿ ಹಾಕದೆ ಉಳಿಸಿಕೊಂಡಿದ್ದೇ ಇವರ ಜಾಣತನ.

ಆಮೇಲೆ ಬಾವಲಿ. ಇದೊಂದಕ್ಕೇ ಇನ್ನೊಂದು ಸಲ ಹೋಗಬಹುದು. 20 ಕಿಲೋಹರ್ಟ್ಸ್‌ಗಿಂತ (ದನಿ ಎಷ್ಟು ಕೀರಲು ಅನ್ನುವ ಅಳತೆ ಇದು) ಮೇಲಿನ ಸದ್ದು ನಮ್ಮ ಕಿವಿಗೆ ಬೀಳುವುದಿಲ್ಲ, ಹುಳ ಹಿಡಿಯುವ ಬಾವಲಿಗಳ ಕೂಗು ಹೆಚ್ಚಾಗಿ ಅದಕ್ಕಿಂತ ಮೇಲಿನದ್ದೇ. ರೆಕಾರ್ಡಿಂಗನ್ನು ಹತ್ತು ಪಟ್ಟು ನಿಧಾನ ಮಾಡಿದರೆ 40 ಕಿಲೋಹರ್ಟ್ಸ್ ಇದ್ದದ್ದು 4ಕ್ಕೆ ಇಳಿದು ನಮಗೆ ಕೇಳುತ್ತದೆ. ಟಕ್, ಟಕ್ ಅಂತ ಬಿಟ್ಟು ಬಿಟ್ಟು ಶುರುವಾಗಿ, ಹುಳ ಹತ್ತಿರ ಬಂದ ಹಾಗೆ ಟಕಟಕಟಕ ಅಂತ ಒತ್ತೊತ್ತಾಗಿ, ಕೊನೆಗೆ ಒಂದು ಝರ್ರ್. ಅಷ್ಟೇ, ಹುಳದ ಕಥೆ ಮುಗಿಯಿತು. ಆ ಝರ್ರ್ ಬಲಗಿವಿ ಹಿಂದಿನಿಂದ ಬಂದಾಗ ಮಲಗಿದ್ದಲ್ಲೇ ಕತ್ತು ಕುಗ್ಗಿಸಿದೆ. ಕತ್ತಲಲ್ಲಿ ಯಾರೂ ನೋಡಲಿಲ್ಲ ಬಿಡಿ.

ಆದರೆ ಸದ್ದನ್ನು ನಿಧಾನ ಮಾಡಿದ್ದೇವೆ ಅಂತ ಎಲ್ಲೂ ಬರೆದಿಲ್ಲ. ಬಾವಲಿ ನಿಜವಾಗಲೂ ಹೀಗೇ ಕೂಗುತ್ತದೆ ಅಂತ ನಂಬಿಕೊಂಡು ಹೋಗುವವರೇ ಜಾಸ್ತಿ ಅಲ್ವಾ? ಹೊರಗೆ ಒಂದು ಚೀಟಿ ಅಂಟಿಸಿದ್ದರೆ ಸಾಕಿತ್ತು.

ಕೊಳದ ಭಾಗದಲ್ಲಿ ನೀರೊಳಗೆ ಹೈಡ್ರೋಫೋನ್, ಅಂದರೆ ನೀರಿನ ಸದ್ದು ಹಿಡಿಯುವ ಮೈಕ್, ಇಳಿಸಿ ಹುಳುಗಳ ಕಿರ್ ಕಿರ್, ಗುಳ್ಳೆ ಏಳುವ ಸದ್ದು ಹಿಡಿದಿದ್ದಾರೆ. ಹಿಡಿದವರೇ ಅದರ ಮೇಲೆ ಕೀಬೋರ್ಡಿನ ಅಳುಬುರುಕ ಸಂಗೀತ ಸುರಿದಿದ್ದಾರೆ. ಇಲ್ಲಿ ದುಃಖಪಡಿ ಅಂತ ನನಗೆ ಹೇಳಿಕೊಡಬೇಕಾ? ಎಸಿ ಗುಯ್ಯೆನ್ನುವುದು ಬೇರೆ, ಮೆತ್ತನೆ ಸದ್ದು ಅರ್ಧ ಅದರಲ್ಲೇ ಹೋಯಿತು.

ಹೋಗುವುದಾದರೆ ಬಾಗಿಲ ಹತ್ತಿರ ಜಾಗ ಹಿಡಿಯಬೇಡಿ, ನಡು ಚಾಪೆಯಲ್ಲಿ ಮಲಗಿ. ಸರಸರ ಅನ್ನುವ ಜಾಕೆಟ್ ಹಾಕಿಕೊಂಡು ಮಾತ್ರ ಬರಬೇಡಿ. ನನ್ನ ಎಡಗಡೆ ಒಬ್ಬರು ಬಂದಿದ್ದರು, ಅದನ್ನೂ ಕಲಾಕೃತಿಯ ಭಾಗ ಅಂತ ಹತ್ತು ನಿಮಿಷ ಗಮನವಿಟ್ಟು ಕೇಳಿದೆ.