ಲಾಸಿಯೊ: ತೈಲಬಾವಿಯ ಲಾಗ್ ಓದುವ ಉಚಿತ ತಂತ್ರಾಂಶ, ದೀರ್ಘ ಬಳಕೆಯ ನಂತರದ ವಿಮರ್ಶೆ

ತೈಲಬಾವಿಯೊಳಗೆ ಇಳಿಬಿಟ್ಟ ಉಪಕರಣಗಳು ದಾಖಲಿಸುವ ಗ್ಯಾಮಾ ಕಿರಣ, ಸಾಂದ್ರತೆ, ನ್ಯೂಟ್ರಾನ್ ಹಾಗೂ ವಿದ್ಯುತ್ ರೋಧದ ಅಳತೆಗಳು, ಅಂದರೆ ಲಾಗ್‌ಗಳು, ವಿಶ್ಲೇಷಕರ ಕೈಸೇರುವುದು ಸಾಮಾನ್ಯವಾಗಿ ಲಾಸ್ ಫೈಲುಗಳ ರೂಪದಲ್ಲಿ. ಕೆನಡಾದ ವೆಲ್ ಲಾಗಿಂಗ್ ಸೊಸೈಟಿ ರೂಪಿಸಿದ ಈ ಪಠ್ಯ ಮಾದರಿಯನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ತೆರೆಯಲು ನೆರವಾಗುವ ಮುಕ್ತ ಲೈಬ್ರರಿಯೇ ಲಾಸಿಯೊ. ಕೆಲವು ವರ್ಷಗಳಿಂದ ನಾನು ಇದನ್ನು ಹೆಚ್ಚಾಗಿ ಬಳಸಿರುವುದು ನಾರ್ವೆಗೆ ಸೇರಿದ ಉತ್ತರ ಸಮುದ್ರದ ವೋಲ್ವ್ ಕ್ಷೇತ್ರದ ದತ್ತಾಂಶದ ಮೇಲೆ. 2008ರಿಂದ 2016ರವರೆಗೆ ತೈಲ ಕೊಟ್ಟ ಈ ಕ್ಷೇತ್ರದ ದಾಖಲೆಗಳನ್ನು ಇಕ್ವಿನಾರ್ ಕಂಪನಿ 2018ರಲ್ಲಿ ಸಾರ್ವಜನಿಕರಿಗೆ ತೆರೆದಿಟ್ಟಿದೆ.

ಓದುವ ಕೆಲಸದಲ್ಲಿ ಲಾಸಿಯೊ ನಂಬಿಕಸ್ಥ. ಅಳತೆ ಸಿಗದ ಕಡೆ ಫೈಲಿನಲ್ಲಿ ತುಂಬಿರುವ -999.25 ಎಂಬ ಸಂಖ್ಯೆಯನ್ನು, ಶಿರೋಭಾಗದಲ್ಲಿ ಹಾಗೆಂದು ಘೋಷಿಸಿದ್ದರೆ, ತಾನಾಗಿಯೇ ಖಾಲಿ ಮೌಲ್ಯವಾಗಿ ಬದಲಿಸುತ್ತದೆ. ಒಂದೇ ಹೆಸರಿನ ಎರಡು ಕರ್ವ್‌ಗಳಿದ್ದರೆ (ಕರ್ವ್ ಎಂದರೆ ಆಳದುದ್ದಕ್ಕೂ ದಾಖಲಾದ ಒಂದು ಬಗೆಯ ಅಳತೆ) ಅವುಗಳಿಗೆ ಕ್ರಮಸಂಖ್ಯೆ ಅಂಟಿಸಿ ಎರಡನ್ನೂ ಉಳಿಸಿಕೊಳ್ಳುತ್ತದೆ. ಬಳಿಕ ಒಂದೇ ಸಾಲಿನ ಆಜ್ಞೆಯಿಂದ ಎಲ್ಲವೂ ಆಳವನ್ನೇ ಸೂಚಿಯಾಗಿಟ್ಟುಕೊಂಡ ಕೋಷ್ಟಕವಾಗುತ್ತದೆ, ಪೈಥಾನ್‌ನ ದತ್ತಾಂಶ ಲೈಬ್ರರಿಯಾದ ಪಾಂಡಾಸ್‌ನ ರೂಪದಲ್ಲಿ.

ಆದರೆ ಅರ್ಥೈಸುವ ಕೆಲಸವನ್ನು ಅದು ಮುಟ್ಟುವುದೇ ಇಲ್ಲ. ಇದನ್ನು ಕೊರತೆಯೆಂದು ಹೇಳುವವರಿದ್ದಾರೆ. ನನಗೆ ಇದೇ ಅದರ ದೊಡ್ಡ ಗುಣ. ಒಂದು ಮರಳುಗಲ್ಲಿನ ಪದರದಲ್ಲಿ ಸಾಂದ್ರತೆ ಘನ ಸೆಂಟಿಮೀಟರಿಗೆ 2.32 ಗ್ರಾಂ ಇದೆ ಎಂದುಕೊಳ್ಳೋಣ. ಕಲ್ಲಿನ ಕಣಗಳಿಗೆ 2.65, ರಂಧ್ರದಲ್ಲಿನ ದ್ರವಕ್ಕೆ 1.0 ಎಂದು ಹಿಡಿದರೆ ಸರಂಧ್ರತೆ, ಅಂದರೆ ಕಲ್ಲಿನಲ್ಲಿ ರಂಧ್ರಗಳ ಪಾಲು, ಶೇಕಡಾ 20 ಬರುತ್ತದೆ. ಪದರದ ರೋಧ 20 ಓಮ್-ಮೀಟರ್, ಅಲ್ಲಿನ ಉಪ್ಪುನೀರಿನದು 0.05 ಆಗಿದ್ದರೆ, ರೋಧದಿಂದ ನೀರಿನ ಪಾಲನ್ನು ಲೆಕ್ಕಹಾಕಲು ಆರ್ಚಿ ಎಂಬ ತಜ್ಞರು 1942ರಲ್ಲಿ ಪ್ರಕಟಿಸಿದ ಸೂತ್ರದ ಪ್ರಕಾರ, ಅದರ ಎರಡು ಘಾತಾಂಕಗಳನ್ನೂ 2 ಎಂದಿಟ್ಟಾಗ, ರಂಧ್ರಗಳಲ್ಲಿ ನೀರಿನ ಪಾಲು ಶೇಕಡಾ 25. ಉಳಿದದ್ದು ತೈಲ ಅಥವಾ ಅನಿಲ. ಸರಂಧ್ರತೆಯ ಘಾತಾಂಕವೊಂದನ್ನೇ 1.8ಕ್ಕೆ ಇಳಿಸಿದರೆ ಈ ಪಾಲು ಸುಮಾರು 21 ಆಗುತ್ತದೆ, 2.2ಕ್ಕೆ ಏರಿಸಿದರೆ ಸುಮಾರು 29. ಬಾವಿಯ ಅಳತೆಗಳು ಒಂದಿಷ್ಟೂ ಬದಲಾಗಿಲ್ಲ, ಬದಲಾದದ್ದು ನಮ್ಮ ಊಹೆ ಮಾತ್ರ. ನಾನು ಬಳಸಿ ನೋಡಿದ ದುಬಾರಿ ಪ್ಯಾಕೇಜೊಂದರಲ್ಲಿ ಇಂಥ ಘಾತಾಂಕಗಳು ಮೊದಲೇ ತುಂಬಿರುತ್ತಿದ್ದವು, ಯಾರೂ ಆ ಕಿಟಕಿಯನ್ನು ತೆರೆದು ನೋಡುತ್ತಿರಲಿಲ್ಲ. ಲಾಸಿಯೊದೊಂದಿಗೆ ಕೆಲಸ ಮಾಡುವವರು ಪ್ರತಿ ಊಹೆಯನ್ನೂ ಸ್ವತಃ ಬರೆಯಬೇಕು; ಬರೆದದ್ದನ್ನು ಸಹೋದ್ಯೋಗಿಗಳು ಪ್ರಶ್ನಿಸಬಹುದು.

ವೋಲ್ವ್‌ನ ಹ್ಯೂಗಿನ್ ಮರಳುಗಲ್ಲಿಗಾಗಿ ಬರೆದ ಲೆಕ್ಕವನ್ನು ಹಾಗೆಯೇ ಮುಂಬೈ ಹೈನಂಥ ಕ್ಷೇತ್ರಕ್ಕೆ ಒಯ್ಯಲಾಗದು, ಏಕೆಂದರೆ ಅಲ್ಲಿನ ಮುಖ್ಯ ತೈಲಪದರ ಸುಣ್ಣಕಲ್ಲು, ಅದರ ಕಣಗಳ ಸಾಂದ್ರತೆ 2.71. ಮೇಲಿನದೇ ಅಳತೆಗೆ ಈ ಮೌಲ್ಯ ಹಾಕಿದರೆ ಸರಂಧ್ರತೆ ಶೇಕಡಾ 23ರ ಹತ್ತಿರ ಹೋಗುತ್ತದೆ. ಅನಿಲವಿರುವ ಪದರದ ತೊಡಕು ಬೇರೆ: ಸಾಂದ್ರತೆಯ ಕರ್ವ್ ಸರಂಧ್ರತೆಯನ್ನು ಹೆಚ್ಚಾಗಿ, ನ್ಯೂಟ್ರಾನ್ ಕರ್ವ್ ಕಡಿಮೆಯಾಗಿ ತೋರಿಸಿ ಎರಡೂ ಒಂದನ್ನೊಂದು ದಾಟುತ್ತವೆ. ಇದನ್ನು ಕಣ್ಣಾರೆ ಕಾಣಲು ಪೈಥಾನ್‌ನ ನಕ್ಷೆ ಬಿಡಿಸುವ ಲೈಬ್ರರಿ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಚಿತ್ರವನ್ನು ನೀವೇ ಬಿಡಿಸಿಕೊಳ್ಳಬೇಕು, ನ್ಯೂಟ್ರಾನ್ ಅಕ್ಷವನ್ನು ತಿರುಗಿಸಿಡಲು ಮರೆಯಬಾರದು. ಮೊದಮೊದಲು ಇದಕ್ಕೆ ಬಹಳ ಹೊತ್ತು ಹಿಡಿಯುತ್ತದೆ.

ಉತ್ಪಾದನೆಯಲ್ಲಿರುವ ಬಾವಿಯ ಲಾಗ್‌ಗಳಲ್ಲಿ ನನಗೆ ತುಸು ಬೇಸರ ತಂದದ್ದು ಸ್ಪಿನ್ನರ್ ಅಳತೆ, ಅಂದರೆ ಹರಿವಿಗೆ ತಿರುಗುವ ಪುಟ್ಟ ಚಕ್ರದ ವೇಗದ ದಾಖಲೆ. ಬೇರೆಬೇರೆ ಕೇಬಲ್ ವೇಗದಲ್ಲಿ ಕೆಳಕ್ಕೂ ಮೇಲಕ್ಕೂ ಎಳೆದ ಪಾಸ್‌ಗಳು (ಉಪಕರಣದ ಒಂದೊಂದು ಓಟ) ಪ್ರತ್ಯೇಕ ಫೈಲುಗಳಾಗಿ ಬಂದಾಗ, ಮೇಲ್ಮುಖ ಪಾಸ್‌ಗಳಲ್ಲಿ ಆಳ ಇಳಿಕೆಯ ಕ್ರಮದಲ್ಲಿರಬಹುದು. ಲಾಸಿಯೊ ಫೈಲಿನಲ್ಲಿದ್ದಂತೆಯೇ ಕೊಡುವುದರಿಂದ ಹೊಂದಿಸುವ ಹೊಣೆ ನಮ್ಮದು. ಹೊಂದಿಸಿದ ಮೇಲೆ ಸ್ಪಿನ್ನರ್ ವೇಗವನ್ನು ಕೇಬಲ್ ವೇಗದೆದುರು ಗುರುತಿಸಿ, ಎಳೆದ ಗೆರೆಯಿಂದ ದ್ರವದ ವೇಗ ಪಡೆಯಬಹುದು. ಕೊಳವೆಯ ನಡುವೆ ಹರಿವು ಹೆಚ್ಚು ರಭಸವಾಗಿರುವುದರಿಂದ ಸರಾಸರಿಗಾಗಿ ಅದನ್ನು ಸಾಮಾನ್ಯವಾಗಿ 0.83ರಿಂದ ಗುಣಿಸುತ್ತಾರೆ.

ಲಾಸ್ 1.2 ಮತ್ತು 2.0 ಆವೃತ್ತಿಗಳಿಗೆ ಲಾಸಿಯೊ ಸಾಕು, 3.0ಕ್ಕೆ ಬೆಂಬಲ ಸೀಮಿತ. ಲಾಗ್‌ಗಳನ್ನು ಪಠ್ಯವಾಗಿ ಅಲ್ಲದೆ ಬೈನರಿ ರೂಪದಲ್ಲಿಡುವ ಡಿಎಲ್‌ಐಎಸ್ ಮಾದರಿಯ ಫೈಲುಗಳನ್ನು ಅದು ಓದುವುದಿಲ್ಲ, ಅದಕ್ಕೆ ಡಿಎಲ್‌ಐಎಸ್‌ಐಒ ಎಂಬ ಇನ್ನೊಂದು ಉಚಿತ ಲೈಬ್ರರಿ ಇದೆ. ಪೈಥಾನ್ ಅಲ್ಪಸ್ವಲ್ಪ ಬಲ್ಲ ಭೂವಿಜ್ಞಾನದ ವಿದ್ಯಾರ್ಥಿಗಳಿಗೆ ಇದನ್ನು ಹಿಂಜರಿಕೆಯಿಲ್ಲದೆ ಸೂಚಿಸುತ್ತೇನೆ. ಸಂಜೆಯೊಳಗೆ ವರದಿ ಒಪ್ಪಿಸಬೇಕಾದ ಹೊಸಬರಿಗೆ ಸೂಚಿಸಲಾರೆ.