ವಿಜಯಾ ಟಿಂಕ್ಚರ್: ಎರಡು ಬೇಸಿಗೆಗಳ ಬಳಕೆಯ ನಂತರ

ಮಂಡಿಯ ಸಂಧಿವಾತದಿಂದ ರಾತ್ರಿ ನಿದ್ರೆ ಹತ್ತದ ನನಗೆ ಬಳ್ಳಾರಿಯ ಆಯುರ್ವೇದ ವೈದ್ಯರೊಬ್ಬರು ವಿಜಯಾ, ಅಂದರೆ ಭಂಗಿ ಎಲೆಯ ಸಾರವನ್ನು ಮದ್ಯಸಾರದಲ್ಲಿ ಕರಗಿಸಿದ ಟಿಂಕ್ಚರ್ ಬರೆದುಕೊಟ್ಟರು. ಗಾಂಜಾ ಗಿಡದ ಎಲೆಯೆಂದು ಮನೆಯವರು ಮೊದಲು ಗಾಬರಿಯಾದದ್ದು ಸಹಜವೇ. ಆದರೆ 1985ರ ಮಾದಕ ವಸ್ತುಗಳ ಕಾಯ್ದೆ ಗಾಂಜಾ ಎನ್ನುವುದು ಗಿಡದ ಹೂ ಮತ್ತು ಕಾಯಿಯ ತುದಿಗಳನ್ನು. ತುದಿಗಳಿಲ್ಲದ ಎಲೆ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಆದ್ದರಿಂದಲೇ ಪರವಾನಗಿ ಪಡೆದ ತಯಾರಕರ ಔಷಧಿ ವೈದ್ಯರ ಚೀಟಿಯ ಮೇಲೆ ಸಿಗುತ್ತದೆ.

ಈ ಗಿಡದ ಮುಖ್ಯ ಅಂಶಗಳು ನೀರಿನಲ್ಲಿ ಕರಗುವುದು ಅತ್ಯಲ್ಪ, ಮದ್ಯಸಾರದಲ್ಲಿ ಚೆನ್ನಾಗಿ ಕರಗುತ್ತವೆ. ಹಸಿ ಎಲೆಯಲ್ಲಿರುವುದು ಟಿಎಚ್‌ಸಿ ಆಮ್ಲ. ಶಾಖ ತಾಗಿದ ಮೇಲೆಯೇ ಅದು ಅಮಲು ಮತ್ತು ಪರಿಣಾಮ ಕೊಡುವ ಟಿಎಚ್‌ಸಿ ಆಗುತ್ತದೆ. ತಯಾರಿಕೆಯಲ್ಲಿ ಶಾಖ ಎಷ್ಟು ಕೊಟ್ಟಿದ್ದಾರೆ ಎನ್ನುವುದರ ಮೇಲೆ ಒಂದೇ ಎಲೆಯಿಂದ ಬೇರೆ ಬೇರೆ ಗುಣದ ಔಷಧಿ ಹೊರಬರಬಹುದು. 1839ರಲ್ಲಿ ಕಲ್ಕತ್ತೆಯಲ್ಲಿ ಐರಿಷ್ ವೈದ್ಯ ವಿಲಿಯಂ ಓಶಾಗ್ನೆಸ್ಸಿ ಇದರ ಪ್ರಯೋಗಗಳನ್ನು ಪ್ರಕಟಿಸಿದ ಬಳಿಕ ಪಾಶ್ಚಾತ್ಯ ವೈದ್ಯರೂ ಈ ಟಿಂಕ್ಚರ್ ಬಳಸಿದರು. ಆದರೆ ಒಂದು ಸೀಸೆಯಂತೆ ಇನ್ನೊಂದು ಇರುವುದಿಲ್ಲ ಎಂಬ ದೂರು ಅದನ್ನು ಕೊನೆಯವರೆಗೂ ಬಿಡಲಿಲ್ಲ.

ಆ ದೂರು ನನಗೂ ಅರ್ಥವಾಯಿತು. ನಮ್ಮ ಮೇ ತಿಂಗಳ ಬಿಸಿಲಿಗೆ ಮುಚ್ಚಳ ಸ್ವಲ್ಪ ಸಡಿಲಾಗಿದ್ದರೂ ಮದ್ಯಸಾರ ಆವಿಯಾಗುತ್ತದೆ, ಉಳಿದ ದ್ರವ ಗಟ್ಟಿಯಾಗುತ್ತದೆ, ಅಷ್ಟೇ ಹನಿಗಳಲ್ಲಿ ಔಷಧಿ ಹೆಚ್ಚಾಗುತ್ತದೆ. ಹನಿ ಕೊಳವೆಯ ಅಂಚಿನಲ್ಲಿ ಕಡುಹಸಿರು ಅಂಟು ಕಟ್ಟಿಕೊಂಡದ್ದನ್ನು ಕಂಡ ಮೇಲೆ ಕಂದು ಗಾಜಿನ ಸೀಸೆಯನ್ನು ಬಿಗಿಯಾಗಿ ಮುಚ್ಚಿ ಫ್ರಿಜ್‌ನಲ್ಲಿಡುತ್ತಿದ್ದೇನೆ.

ನಾಲಿಗೆಯ ಕೆಳಗೆ ಹಾಕಿದಾಗ ಚುರುಚುರು ಉರಿಯುತ್ತದೆ, ಕಹಿಯೂ ಇದೆ. ಹಾಗೆ ಹಿಡಿದಿಟ್ಟುಕೊಂಡರೆ ಅರ್ಧ ಗಂಟೆಯ ಆಸುಪಾಸಿನಲ್ಲಿ ಗುಣ ತಿಳಿಯುತ್ತದೆ. ನುಂಗಿಬಿಟ್ಟರೆ ಒಂದೆರಡು ಗಂಟೆ ಕಾಯಬೇಕು. ಇನ್ನೂ ಏನೂ ಆಗಲಿಲ್ಲವೆಂದು ಮತ್ತೆ ಹನಿ ಹಾಕಿಕೊಳ್ಳುವುದೇ ಇದರ ನಿಜವಾದ ಅಪಾಯ. ಮಂಡಿನೋವು ಹೋಗಿಲ್ಲ, ಹೋಗುತ್ತದೆಂದು ವೈದ್ಯರೂ ಹೇಳಿರಲಿಲ್ಲ. ಆದರೆ ನಡುರಾತ್ರಿ ಎಚ್ಚರವಾಗುವುದು ಬಹಳ ಕಡಿಮೆಯಾಗಿದೆ, ನನ್ನ ಪಾಲಿಗೆ ಅದು ಸಣ್ಣ ಉಪಕಾರವಲ್ಲ. ಬಾಯಿ ಒಣಗುತ್ತದೆ, ಕೆಲವು ಬೆಳಿಗ್ಗೆ ತಲೆ ಭಾರವಿರುತ್ತದೆ, ಅಂಥ ದಿನ ಗಾಡಿ ಮುಟ್ಟುವುದಿಲ್ಲ.

ನಿದ್ರೆ ಮಾತ್ರೆ ಅಥವಾ ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ಅದನ್ನು ವೈದ್ಯರಿಗೆ ತಿಳಿಸದೆ ಇದನ್ನು ಮುಟ್ಟಬಾರದು. ಕೊಳ್ಳುವವರು ಪ್ರತಿ ಮಿಲಿಲೀಟರ್‌ಗೆ ಎಷ್ಟು ಮಿಲಿಗ್ರಾಂ ಟಿಎಚ್‌ಸಿ ಇದೆಯೆಂದು ಸೀಸೆಯ ಮೇಲಿನ ಚೀಟಿಯಲ್ಲಿ ನೋಡಲಿ. ನಾನು ತರಿಸಿದ ಒಂದು ಸೀಸೆಯ ಮೇಲೆ ‘ಎಲೆಯ ಸಾರ’ ಎಂದಷ್ಟೇ ಇತ್ತು. ಅದನ್ನು ತೆರೆಯದೆ ಹಿಂದಿರುಗಿಸಿದೆ.