ಗೀಜಗನ ಬಾವಿಯ ಮುಂದೆ ಎರಡು ಮಳೆಗಾಲ: ಒಂದು ಕುರ್ಚಿ ಹೈಡ್‌ನ ವಿಮರ್ಶೆ

ಹಕ್ಕಿಗಳ ಕಣ್ಣಿಗೆ ಬೀಳದಂತೆ ಒಬ್ಬರು ಅಡಗಿ ಕೂರುವಂಥ ಕುರ್ಚಿ ಹೈಡ್ ಒಂದನ್ನು ಕಳೆದ ವರ್ಷ ಮೇ ತಿಂಗಳಲ್ಲಿ ಆನ್‌ಲೈನ್‌ನಲ್ಲಿ ತರಿಸಿಕೊಂಡೆ. ಬೆಲೆ 7,400 ರೂಪಾಯಿ. ಮಡಚುವ ಕುರ್ಚಿಗೇ ಗುಡಾರ ಹೊಲಿದಿರುತ್ತಾರೆ; ಕೂತು ಬೆನ್ನ ಹಿಂದಿನ ಬಟ್ಟೆಯನ್ನು ತಲೆಯ ಮೇಲಿಂದ ಮುಂದಕ್ಕೆ ಎಳೆದುಕೊಂಡರೆ ಮನುಷ್ಯ ಮಾಯ. ಇದೇ ಮಾದರಿಯನ್ನು ನಾಲ್ಕಾರು ಕಂಪನಿಗಳು ಮಾರುತ್ತಿವೆ, ಹಾಗಾಗಿ ಹೆಸರು ಬರೆಯುತ್ತಿಲ್ಲ. ಹಕ್ಕಿಗಳ ಪ್ರಣಯಕಾಲದ ಚಿತ್ರ ತೆಗೆಯಬೇಕೆನ್ನುವವರಿಗೆ ಇದು ಆಗುತ್ತದೆಯೇ ಎಂಬುದಷ್ಟೇ ನನ್ನ ವಿಷಯ. ಐದಕ್ಕೆ ಮೂರು ಅಂಕ ಕೊಡುತ್ತೇನೆ. ದರ್ಜಿಯ ಹತ್ತಿರ ಹೋಗಿಬಂದ ಮೇಲೆ ನಾಲ್ಕೂವರೆ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ನನ್ನ ಅಕ್ಕನ ಮನೆ ಚನ್ನಗಿರಿ ತಾಲ್ಲೂಕಿನಲ್ಲಿ, ಭದ್ರಾ ನಾಲೆಯ ನೀರು ಹರಿಯುವ ಒಂದು ಹಳ್ಳಿಯಲ್ಲಿದೆ. ನಾಲೆ ಬಂದ ಮೇಲೆ ಯಾರೂ ನೀರೆತ್ತದ ಹಳೆಯ ಕಲ್ಲುಬಾವಿಯೊಂದು ಅವರ ಗದ್ದೆಯ ಮೂಲೆಯಲ್ಲಿ ಉಳಿದುಕೊಂಡಿದೆ. ಬಾವಿಯ ಮೇಲಕ್ಕೆ ಬಾಗಿದ ಜಾಲಿ ಮರದಲ್ಲಿ ಪ್ರತಿ ಮಳೆಗಾಲ ಗೀಜಗಗಳ ಕೇರಿ ಏಳುತ್ತದೆ. ಹೋದ ವರ್ಷ 23 ಗೂಡು ಎಣಿಸಿದ್ದೆ. ಬಾವಿಯೊಳಕ್ಕೆ ತೂಗುವ ಗೂಡುಗಳಾದ್ದರಿಂದ ದಡದಲ್ಲಿ ಕೂತವರ ಕಣ್ಣಿನ ಮಟ್ಟಕ್ಕೇ ಸಿಗುತ್ತವೆ. ತೆಂಗಿನ ಗರಿಗೆ ಕಟ್ಟಿದ ಗೂಡುಗಳನ್ನು ತೆಗೆಯಲು ಹೊರಟವರು ಈ ಹೈಡ್ ಕೊಳ್ಳಬೇಡಿ. ಇದರ ಕಿಂಡಿಯಿಂದ ಲೆನ್ಸನ್ನು ಅಷ್ಟು ಮೇಲಕ್ಕೆ ಎತ್ತಲು ಬರುವುದಿಲ್ಲ.

ಹಕ್ಕಿ ಹಾರಿಹೋಗದೆ ಕೂತಿದೆ ಎಂದಮಾತ್ರಕ್ಕೆ ಹೈಡ್ ಚೆನ್ನಾಗಿದೆ ಎಂದು ನಾನು ಒಪ್ಪುವುದಿಲ್ಲ. ಗೀಜಗನ ಗಂಡು ಗೂಡನ್ನು ಪೂರ್ತಿ ಮುಗಿಸಿ ಹೆಣ್ಣನ್ನು ಕರೆಯುವುದಿಲ್ಲ. ಗೂಡು ಹೆಲ್ಮೆಟ್‌ನಂತೆ ಆದಾಗ, ಕೆಳಗೆ ಗದ್ದದ ಪಟ್ಟಿಯಂಥ ಒಂದು ಅಡ್ಡಪಟ್ಟಿ ಬಿಟ್ಟು, ಅಲ್ಲಿಗೆ ನಿಲ್ಲಿಸುತ್ತದೆ. ಒಳಗೆ ಹಸಿಮಣ್ಣಿನ ಉಂಡೆಗಳನ್ನು ಮೆತ್ತುತ್ತದೆ. ಆಮೇಲೆ ಕಾಯುವುದು. ಹೆಣ್ಣುಗಳು ಗುಂಪಾಗಿ ಬಂದಿಳಿದ ಕ್ಷಣ ಕೇರಿಯ ಗಂಡುಗಳೆಲ್ಲ ತಂತಮ್ಮ ಅರೆಗೂಡಿಗೆ ಜೋತುಬಿದ್ದು, ರೆಕ್ಕೆ ಬಡಿಯುತ್ತಾ, ಉಸಿರೆಳೆದಂತೆ ಉದ್ದವಾಗಿ ಚೀಯೆಂದು ಒಟ್ಟಿಗೆ ಕೂಗುತ್ತವೆ. ಹೆಣ್ಣು ಒಳಹೊಕ್ಕು ನಾರನ್ನು ಕೊಕ್ಕಿನಿಂದ ಎಳೆದು ನೋಡುತ್ತದೆ. ಮೆಚ್ಚಿದರೆ ಗಂಡು ಮೊಟ್ಟೆಯ ಕೋಣೆಯನ್ನೂ ಕೆಳಗಿನ ಕೊಳವೆಯನ್ನೂ ಕಟ್ಟಿ ಮುಗಿಸುತ್ತದೆ, ಮುಗಿಸಿ ಇನ್ನೊಂದು ಹೆಣ್ಣಿಗಾಗಿ ಇನ್ನೊಂದು ಗೂಡಿಗೆ ಕೈಹಾಕುತ್ತದೆ. ಮುಂಬಯಿಯ ಸಮುದ್ರದಾಚೆಯ ಕಿಹಿಮ್ ಹಳ್ಳಿಯಲ್ಲಿ ಕೂತು ಪಕ್ಷಿತಜ್ಞ ಸಲೀಂ ಅಲಿಯವರು 1930ರಲ್ಲಿ ದಿನದಿನವೂ ನೋಡಿ ಬರೆದಿಟ್ಟದ್ದು ಈ ಸಂಸಾರವನ್ನೇ. ನಾನು ಹೈಡ್‌ಗೆ ಇಟ್ಟ ಪರೀಕ್ಷೆ ಇಷ್ಟು: ನಲವತ್ತು ಅಡಿ ದೂರದಲ್ಲಿ ನಾನಿರುವಾಗಲೂ ಹೆಣ್ಣುಗಳು ಇಳಿಯಬೇಕು, ಒಳಹೊಕ್ಕು ನಾರು ಎಳೆಯಬೇಕು. ಗಂಡು ತನ್ನ ಗೂಡನ್ನು ಬಿಟ್ಟುಕೊಡಲಾರದೆ ಹೆದರಿಕೆಯಲ್ಲೂ ಕೂತಿರಬಹುದು. ಹೆಣ್ಣಿಗೆ ಆ ಹಂಗಿಲ್ಲ. ಸ್ವಲ್ಪ ಅನುಮಾನ ಬಂದರೂ ಅದು ಮುಂದಿನ ಮರಕ್ಕೆ ಹೋಗುತ್ತದೆ.

ಮೊದಲ ವಾರ ಹೈಡ್ ಈ ಪರೀಕ್ಷೆಯಲ್ಲಿ ಸೋತಿತು. ಕಾರಣ ವೆಲ್ಕ್ರೋ. ಕಿಂಡಿಗಳ ಮುಚ್ಚಳವನ್ನೆಲ್ಲ ವೆಲ್ಕ್ರೋದಲ್ಲಿ ಅಂಟಿಸಿದ್ದಾರೆ. ಪಕ್ಕದ ಕಿಂಡಿ ತೆರೆಯಲು ಹೋದೆ, ಚರ್ರೆಂದ ಸದ್ದಿಗೆ ಇಡೀ ಕೇರಿ ಒಂದೇ ಸಲಕ್ಕೆ ಎದ್ದು ಗದ್ದೆಯಾಚೆ ಹೋಯಿತು. ಗಂಡುಗಳು ಹತ್ತು ನಿಮಿಷದಲ್ಲಿ ಮರಳಿದವು, ಹೆಣ್ಣುಗಳು ಆ ಬೆಳಿಗ್ಗೆ ಮತ್ತೆ ಬರಲಿಲ್ಲ. ನನ್ನ ಹಳೆಯ ಕ್ಯಾಮೆರಾದ ಶಟರ್ ಸದ್ದಿಗೆ ಎರಡೇ ದಿನದಲ್ಲಿ ಒಗ್ಗಿಕೊಂಡ ಹಕ್ಕಿಗಳು ವೆಲ್ಕ್ರೋಗೆ ಕೊನೆಗೂ ಒಗ್ಗಿಕೊಳ್ಳಲಿಲ್ಲ. ಹಕ್ಕಿಗಳಿಗೆಂದೇ ಹೊಲಿದ ಗುಡಾರಕ್ಕೆ ಇದನ್ನು ಹಾಕಿದವರು ಒಂದು ದಿನವಾದರೂ ಅದರೊಳಗೆ ಕೂತಿದ್ದರೆ ಹೀಗೆ ಮಾಡುತ್ತಿರಲಿಲ್ಲ ಎಂದು ನನಗೆ ನಿಜವಾಗಿ ಬೇಸರವಾಯಿತು.

ಎರಡನೆಯ ತೊಂದರೆ ಗಾಳಿ. ಗೀಜಗಗಳು ಮುಂಗಾರಿನ ಗಾಳಿಮಳೆಗೆ ಮರದ ಮರೆ ಸಿಗಲೆಂದು ಹೆಚ್ಚಾಗಿ ಪೂರ್ವದ ಕಡೆಯ ಕೊಂಬೆಗಳಲ್ಲಿ ಕಟ್ಟುತ್ತವೆ. ಬೆಳಗಿನ ಬಿಸಿಲೂ ಅಲ್ಲಿಗೇ ಬೀಳುತ್ತದೆ. ಹಾಗಾಗಿ ನಾವು ಮರದ ಪೂರ್ವಕ್ಕೆ, ಸೂರ್ಯನಿಗೆ ಬೆನ್ನು ಹಾಕಿ ಕೂರುವುದು ಅನಿವಾರ್ಯ. ಆಗ ಹೈಡ್‌ನ ಮುಖ ಪಶ್ಚಿಮಕ್ಕೆ, ಆಷಾಢದ ಗಾಳಿ ನೇರ ಅದರ ಮುಖಕ್ಕೆ. ಮುಂದಿನ ದೊಡ್ಡ ಕಿಂಡಿಯ ಮುಚ್ಚಳ ಪಟಪಟನೆ ಹೊಡೆದುಕೊಳ್ಳುತ್ತದೆ, ತುಂತುರು ಲೆನ್ಸಿನ ಮೇಲೆ ಬೀಳುತ್ತದೆ. ಜೊತೆಗೆ ಕೊಟ್ಟ ನಾಲ್ಕು ಗೂಟಗಳು ಗೇಣುದ್ದವೂ ಇಲ್ಲ. ಗದ್ದೆಯ ಹಸಿ ಬದುವಿನಲ್ಲಿ ಅವು ನಿಲ್ಲುವುದಿಲ್ಲ. ಭಾವ ಬಿದಿರಿನ ಗೂಟ ಕೆತ್ತಿಕೊಟ್ಟರು.

ಬಟ್ಟೆಯ ಮೇಲಿನ ಚಿತ್ತಾರದಲ್ಲಿ ಒಣಗಿದ ಕಂದು ಎಲೆಗಳಿವೆ. ಜುಲೈ ತಿಂಗಳ ನಮ್ಮ ಗದ್ದೆಯಲ್ಲಿ ಕಂದು ಎಲ್ಲಿಂದ ಬರಬೇಕು? ಆದರೂ ಹಕ್ಕಿಗಳು ಇದನ್ನು ಲೆಕ್ಕಕ್ಕಿಟ್ಟಂತೆ ಕಾಣಲಿಲ್ಲ.

ನಮ್ಮೂರಿನ ದರ್ಜಿಯೊಬ್ಬರು ವೆಲ್ಕ್ರೋ ಎಲ್ಲವನ್ನೂ ಬಿಚ್ಚಿ, ಬದಲಿಗೆ ಬಟ್ಟೆಯ ಲಾಡಿಗಳನ್ನು ಹೊಲಿದರು. ಮುಂದಿನ ಕಿಂಡಿಗೆ ಲೆನ್ಸ್ ತೂರುವಂತೆ ಹಳೆಯ ಪ್ಯಾಂಟಿನ ಕಾಲಿನಿಂದ ಒಂದು ತೋಳು ಮಾಡಿಕೊಟ್ಟರು. ಮುಚ್ಚಳದ ಅಂಚಿಗೆ ಪರದೆಗೆ ಹಾಕುವ ತೂಕದ ಸರಪಣಿ ಸೇರಿಸಿದರು. ಎಲ್ಲಕ್ಕೂ ಸೇರಿ 350 ರೂಪಾಯಿ. ಕುರ್ಚಿಯ ಕೀಲುಗಳು ಕಿರುಗುಟ್ಟುತ್ತಿದ್ದವು. ಕೊಬ್ಬರಿ ಎಣ್ಣೆ ಹಚ್ಚಿದೆ, ಸುಮ್ಮನಾದವು.

ಹೊಗಳಬೇಕಾದ್ದೂ ಇದೆ. ತೂಕ ಐದು ಕೆಜಿಗಿಂತ ಕಡಿಮೆ, ಬದುವಿನ ಮೇಲೆ ಒಬ್ಬಳೇ ಹೊತ್ತು ಹೋಗಬಲ್ಲೆ. ತಲೆಯ ಮೇಲೆ ಜಾಗ ಸಾಕಷ್ಟಿದೆ. ಟ್ರೈಪಾಡ್‌ನ ಮೂರೂ ಕಾಲು ಒಳಗೇ ಹಿಡಿಯುತ್ತವೆ. ಕಾಲೊಂದು ಹೊರಗೆ ಚಾಚಿದ್ದರೆ ಅಲುಗಾಟ ಹಕ್ಕಿಗೆ ಕಾಣುತ್ತದೆ. ಒಳಗಿನ ಬಟ್ಟೆಗೆ ಕಪ್ಪು ಬಳಿದಿರುವುದು ಇಡೀ ಹೈಡ್‌ನಲ್ಲೇ ಒಳ್ಳೆಯ ಕೆಲಸ. ಬೆನ್ನ ಹಿಂದೆ ಬಿಸಿಲಿದ್ದರೂ ನನ್ನ ನೆರಳು ಬಟ್ಟೆಯ ಮೇಲೆ ಮೂಡುವುದಿಲ್ಲ. ಒಂಬತ್ತೂವರೆಯ ನಂತರ ಒಳಗೆ ಬೇಯುತ್ತದೆ, ಆಮೇಲೆ ಕೂರಲಾಗದು.

ಹೈಡ್ ಎಷ್ಟೇ ಚೆನ್ನಾಗಿದ್ದರೂ ತಂದ ದಿನವೇ ಹತ್ತಿರ ಇಡಬೇಡಿ. ನಾನು ಖಾಲಿ ಗುಡಾರವನ್ನು ನೂರು ಅಡಿ ದೂರದಲ್ಲಿ ಎರಡು ದಿನ, ಎಪ್ಪತ್ತರಲ್ಲಿ ಎರಡು ದಿನ ಬಿಟ್ಟು ಆಮೇಲೆ ನಲವತ್ತಕ್ಕೆ ತಂದೆ. ಒಳಹೋಗುವಾಗ ಅಕ್ಕನ ಮಗನೂ ನನ್ನ ಜೊತೆ ಬಂದು, ನಾನು ಕೂತ ಮೇಲೆ ಒಬ್ಬನೇ ಎದ್ದು ಹೋಗುತ್ತಾನೆ. ಹೋದವನನ್ನು ನೋಡಿ ಹಕ್ಕಿಗಳು ನೆಮ್ಮದಿಯಾಗುತ್ತವೆ.

ಈ ಜುಲೈನ ಒಂದು ಬೆಳಿಗ್ಗೆ ಹತ್ತಿರದ ಗಂಡೊಂದು ಬದುವಿನ ಹುಲ್ಲಿಗೆ ಇಳಿಯಿತು. ಎಲೆಯ ಅಂಚನ್ನು ಕೊಕ್ಕಿನಿಂದ ಒಂದು ಕಡೆ ಕಚ್ಚಿ ಸೀಳಿ, ಸೀಳಿದ ತುದಿಯನ್ನು ಬಿಗಿಹಿಡಿದು ಹಾಗೇ ಹಾರಿತು. ಹಾರಿದ ರಭಸಕ್ಕೆ ತನಗಿಂತ ಮೂರು ಪಾಲು ಉದ್ದದ ಎಳೆ ಕಿತ್ತುಕೊಂಡು ಬಂತು. ಅದರ ಸದ್ದೂ ನನಗೆ ಕೇಳಿಸಿತು. ಆ ಎಳೆಯನ್ನು ಅಡ್ಡಪಟ್ಟಿಗೆ ಎರಡು ಸುತ್ತು ಹೆಣೆಯುವಷ್ಟರಲ್ಲಿ ಐದು ಹೆಣ್ಣುಗಳು ಬಂದವು. ಎಳೆಯನ್ನು ಅರ್ಧಕ್ಕೇ ಬಿಟ್ಟು ಗಂಡು ಜೋತುಬಿದ್ದಿತು, ಹಳದಿ ನೆತ್ತಿ ಕೆಳಗಾಗಿ. ಸೆಕೆಂಡಿನ 1/2000 ಭಾಗದಲ್ಲಿ ತೆಗೆದ ಚಿತ್ರದಲ್ಲಿ ರೆಕ್ಕೆಯ ಒಂದೊಂದು ಗರಿಯೂ ಎಣಿಸಲು ಸಿಗುತ್ತದೆ. 1/200ರಲ್ಲಿ ತೆಗೆದದ್ದೇ ನನಗೆ ಹೆಚ್ಚು ಇಷ್ಟ: ಮುಖ ಸ್ಥಿರ, ಎರಡು ಬದಿಗೆ ಕಂದು ಹೊಗೆಯಂಥ ರೆಕ್ಕೆ, ಕೊಕ್ಕಿನ ಪಕ್ಕದಲ್ಲಿ ತೂಗುತ್ತಿರುವ ಆ ಹಸಿರು ಎಳೆ. ಹೆಣ್ಣು ಒಳಗೆ ಹೋಗಿ ಇಪ್ಪತ್ತು ಸೆಕೆಂಡು ಇತ್ತು.

ಅದೇ ವಾರ ಆ ಗೂಡಿಗೆ ಕೊಳವೆ ಇಳಿಯತೊಡಗಿತು. ಕೊಳವೆ ಕಂಡರೆ ಹೆಣ್ಣು ನೆಲೆನಿಂತಿದೆ, ಮೊಟ್ಟೆಯ ಕಾಲ ಬಂದಿದೆ ಎಂದು ಅರ್ಥ. ಅಲ್ಲಿಂದಾಚೆ ನಾನು ಹತ್ತಿರ ಕೂರುವುದಿಲ್ಲ. ಹೈಡನ್ನು ಮಡಚುವುದು ಪಂಪ್‌ಸೆಟ್ ಮನೆಯ ಹಿಂದೆ. ಇದರ ಕಂಬಿಗಳು ಬಾಗುವಾಗ ಬಟ್ಟೆ ದಪ್ಪನೆ ಸದ್ದು ಮಾಡುತ್ತದೆ, ಕೇರಿಯ ಎದುರಿಗೆ ಮಡಚಬಾರದು. ಭಾವ ಅಲ್ಲಿ ಕಳೆ ಕೀಳುತ್ತಿದ್ದರು. "ಇಷ್ಟು ಬೇಗ ಮುಗಿಯಿತೇ? ಇನ್ನೂ ಮಳೆಗಾಲ ಉಳಿದಿದೆಯಲ್ಲಮ್ಮ" ಎಂದರು. ಮರದ ಆಚೆ ಬದಿಯಲ್ಲಿ ಅದೇ ಗಂಡು ಹೊಸ ಎಳೆ ಸುತ್ತುತ್ತಿದ್ದುದನ್ನು ಅವರಿಗೆ ತೋರಿಸಿದೆ.